ಆನ್‌ಲೈನ್ ಮಾರುಕಟ್ಟೆಯಲ್ಲಿ ತಾನಾಗಿ ಜಾರಿಯಾಗುವ ವಿದೇಶಿ ರವಾನೆ: ಕೃಷಿ ಉತ್ಪನ್ನ ಮಾರಾಟಗಾರರು ಅರಿಯಬೇಕಾದ ಅಂಶಗಳು

ಕಾಫಿ ಪುಡಿ, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿ ಪುಡಿ, ಬೆಲ್ಲ, ಜೇನುತುಪ್ಪ, ಉಪ್ಪಿನಕಾಯಿ, ಹಲಸಿನ ಚಿಪ್ಸ್, ತರಕಾರಿ ಬೀಜ ಮುಂತಾದವುಗಳನ್ನು ರೈತರು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಮಹಿಳಾ ಸ್ವಸಹಾಯ ಸಂಘಗಳು ಇಂದು ಆನ್‌ಲೈನ್ ಮಾರುಕಟ್ಟೆಗಳ ಮೂಲಕ ನೇರವಾಗಿ ಗ್ರಾಹಕರಿಗೆ ಮಾರುತ್ತಿವೆ. ಇಂತಹ ಮಾರುಕಟ್ಟೆಗಳಲ್ಲಿ ಕೆಲವು, ಮಾರಾಟಗಾರನ ಪ್ರತ್ಯೇಕ ಒಪ್ಪಿಗೆಯನ್ನು ಕೇಳದೆಯೇ ಆತನ ಖಾತೆಗೆ ವಿದೇಶಿ ರವಾನೆಯ ಸೌಲಭ್ಯವನ್ನು ಸೇರಿಸುವ ಪದ್ಧತಿಯನ್ನು ಇಟ್ಟುಕೊಂಡಿವೆ. ಬೇಡವೆನ್ನುವವರು ತಾವೇ ಅದರಿಂದ ಹೊರಬರಬೇಕಾಗುತ್ತದೆ. ಬಟ್ಟೆ, ಪುಸ್ತಕಗಳಂತಹ ಸರಕುಗಳಲ್ಲಿ ಇದು ಹೆಚ್ಚಿನ ತೊಂದರೆ ಉಂಟುಮಾಡದಿರಬಹುದು. ಆದರೆ ಆಹಾರ, ಬೀಜ ಮತ್ತು ಸಸ್ಯಮೂಲದ ಸರಕುಗಳು ಗಡಿ ದಾಟುವಾಗ ಬೇರೆಯೇ ಕಾನೂನುಗಳು ಅನ್ವಯಿಸುತ್ತವೆ. ಆದ್ದರಿಂದ ಈ ಸೌಲಭ್ಯದ ಸ್ವರೂಪ, ಅದರೊಡನೆ ಬರುವ ಹೊಣೆಗಾರಿಕೆ ಹಾಗೂ ಕೈಗೊಳ್ಳಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ವ್ಯವಸ್ಥೆಯ ಸ್ವರೂಪ

ಈ ಪದ್ಧತಿಯ ಸ್ಪಷ್ಟ ಉದಾಹರಣೆ ಅಮೆರಿಕದಲ್ಲಿ ದೊರೆಯುತ್ತದೆ. ಅಲ್ಲಿ ಇಬೇ ಸಂಸ್ಥೆಯು 2022ರಲ್ಲಿ ತನ್ನ ಹಳೆಯ ಜಾಗತಿಕ ರವಾನೆ ಯೋಜನೆಗೆ ಬದಲಾಗಿ ‘ಇಬೇ ಇಂಟರ್‌ನ್ಯಾಷನಲ್ ಶಿಪ್ಪಿಂಗ್’ ಎಂಬ ಹೊಸ ಯೋಜನೆಯನ್ನು ಆರಂಭಿಸಿ, ಅರ್ಹ ಮಾರಾಟಗಾರರನ್ನು ತಾನಾಗಿಯೇ ಅದಕ್ಕೆ ಸೇರಿಸಿತು. ಮಾರಾಟಗಾರನು ಸರಕನ್ನು ಅಮೆರಿಕದೊಳಗಿನ ಕೇಂದ್ರವೊಂದಕ್ಕೆ ಕಳುಹಿಸಿದರೆ ಸಾಕು. ಅಲ್ಲಿಂದ ಮುಂದಿನ ಸುಂಕದ ಕಾಗದಪತ್ರ, ಸಾಗಣೆ ಹಾಗೂ ದಾರಿಯಲ್ಲಿ ಆಗುವ ಹಾನಿಯ ಹೊಣೆ ಇವೆಲ್ಲವನ್ನೂ ಯೋಜನೆಯೇ ವಹಿಸಿಕೊಳ್ಳುತ್ತದೆ. ಅಮೆಜಾನ್ ಸಂಸ್ಥೆಯೂ ತನ್ನ ಗೋದಾಮುಗಳ ಮೂಲಕ ಮಾರುವ ಅಮೆರಿಕದ ಬಹುತೇಕ ಮಾರಾಟಗಾರರನ್ನು ಇಂತಹುದೇ ರಫ್ತು ಸೌಲಭ್ಯಕ್ಕೆ ತಾನಾಗಿ ಸೇರಿಸುವ ಪದ್ಧತಿಯನ್ನು ಅನುಸರಿಸಿದೆ.

ವಿದೇಶಿ ರವಾನೆಯ ವ್ಯವಸ್ಥೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

1. ಕೇಂದ್ರದ ಮೂಲಕ ರವಾನೆ: ಸರಕು ಮೊದಲು ದೇಶದೊಳಗಿನ ಗೋದಾಮಿಗೆ ಹೋಗುತ್ತದೆ. ಮುಂದಿನ ರಫ್ತಿನ ಕೆಲಸವನ್ನು ಮಾರುಕಟ್ಟೆ ಸಂಸ್ಥೆ ಅಥವಾ ಅದರ ಪಾಲುದಾರ ಸಾಗಣೆದಾರರು ನಿರ್ವಹಿಸುತ್ತಾರೆ.

2. ನೇರ ರವಾನೆ: ಖಾತೆಯ ಸೆಟ್ಟಿಂಗ್‌ನಲ್ಲಿ ವಿದೇಶಗಳ ಹೆಸರುಗಳು ಸೇರ್ಪಡೆಯಾಗುತ್ತವೆ. ಆರ್ಡರ್ ಬಂದಾಗ ಮಾರಾಟಗಾರನೇ ಅಂಚೆ ಅಥವಾ ಕೊರಿಯರ್ ಮೂಲಕ ಸರಕನ್ನು ಕಳುಹಿಸಬೇಕು.

ನಮ್ಮ ದೇಶದಿಂದ ಸರಕು ಹೊರಹೋಗುವಾಗ ರಫ್ತಿನ ದಾಖಲೆ ಸಾಮಾನ್ಯವಾಗಿ ಮಾರಾಟಗಾರನ ಹೆಸರಿನಲ್ಲಿಯೇ ಇರುತ್ತದೆ. ಆದುದರಿಂದ ನೀವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದಾಖಲೆಯ ಪ್ರಕಾರ ಇಲ್ಲಿ ರಫ್ತುದಾರ ಯಾರು? ಉತ್ತರ ‘ನಾನು’ ಎಂದಾದರೆ, ಸೌಲಭ್ಯವನ್ನು ಚಾಲನೆಗೊಳಿಸಿದವರು ಯಾರೇ ಆಗಿರಲಿ, ಕಾನೂನಿನ ಹೊಣೆ ನಿಮ್ಮದೇ.

ಕೃಷಿ ಉತ್ಪನ್ನಗಳಿಗೆ ವಿಶೇಷ ಎಚ್ಚರಿಕೆ ಏಕೆ?

ಬೀಜ ಮತ್ತು ಸಸ್ಯಗಳು: 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ ದೇಶಗಳು ಬೀಜ, ಸಸಿ, ಗೆಡ್ಡೆ, ಹಣ್ಣು, ತರಕಾರಿಗಳೊಡನೆ ಫೈಟೊಸ್ಯಾನಿಟರಿ ಪ್ರಮಾಣಪತ್ರ, ಅಂದರೆ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಕೇಳುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಡಿಸೆಂಬರ್ 14ರಿಂದ ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು ಮತ್ತು ಖರ್ಜೂರ ಈ ಐದನ್ನು ಬಿಟ್ಟು ಉಳಿದೆಲ್ಲ ತಾಜಾ ಹಣ್ಣುಗಳಿಗೂ ಈ ಪ್ರಮಾಣಪತ್ರ ಅಗತ್ಯ. ಹತ್ತು ಗ್ರಾಂ ಬದನೆ ಬೀಜದ ಪೊಟ್ಟಣವಾದರೂ ನಿಯಮ ಬದಲಾಗುವುದಿಲ್ಲ. ತಾಜಾ ಕರಿಬೇವಿನ ಸೊಪ್ಪು ನಿಂಬೆ ಜಾತಿಯ ಗಿಡಗಳ ಸಿಲ್ಲಿಡ್ ಕೀಟಕ್ಕೆ ಆಶ್ರಯ ನೀಡುವುದರಿಂದ ಅಮೆರಿಕ ಅದನ್ನು ಒಳಬಿಡುವುದಿಲ್ಲ. ಹುರಿದ ಕಾಫಿ ಪುಡಿಯಂತಹ ಸಂಸ್ಕರಿತ ಪದಾರ್ಥಗಳಿಗೆ ಸಾಮಾನ್ಯವಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗದು. ಆದರೆ ಆಹಾರ ಸುರಕ್ಷತೆಯ ನಿಯಮಗಳು ಅವುಗಳಿಗೂ ಅನ್ವಯಿಸುತ್ತವೆ.

ಆಹಾರ ಪದಾರ್ಥಗಳು: ಅಮೆರಿಕಕ್ಕೆ ಮಾರಾಟವಾಗುವ ಆಹಾರದ ಪ್ರತಿ ರವಾನೆಗೂ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಮುಂಚಿತವಾಗಿ ಸೂಚನೆ ಸಲ್ಲಿಸಬೇಕು. 2002ರ ಜೈವಿಕ ಭಯೋತ್ಪಾದನಾ ತಡೆ ಕಾಯ್ದೆಯಿಂದ ಈ ನಿಯಮ ಬಂದಿದೆ. ಯುರೋಪಿಯನ್ ಒಕ್ಕೂಟವು ಅಂಚೆಯ ಮೂಲಕ ಹೊರದೇಶಗಳಿಂದ ವ್ಯಕ್ತಿಗಳಿಗೆ ಬರುವ ಹಾಲಿನ ಉತ್ಪನ್ನಗಳನ್ನು ಸಾಮಾನ್ಯವಾಗಿ ಒಳಬಿಡುವುದಿಲ್ಲ. ತುಪ್ಪ, ಪೇಡ ಮಾರುವವರು ಇದನ್ನು ಗಮನಿಸತಕ್ಕದ್ದು.

ಉಳಿಕೆಗಳ ಮಿತಿ: ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ಪ್ರತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ ಎಂಬ ಕಟ್ಟುನಿಟ್ಟಿನ ಮಿತಿಯಿದೆ. ಒಣಮೆಣಸಿನಕಾಯಿ, ಕಾಳುಮೆಣಸು, ಶುಂಠಿ ಮತ್ತು ಅರಿಸಿನದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಪ್ರತಿ ಕಿಲೋಗ್ರಾಂಗೆ 10 ಮೈಕ್ರೋಗ್ರಾಂ ಮೀರಕೂಡದು. ನಮ್ಮ ಮಾರುಕಟ್ಟೆಯಲ್ಲಿ ಒಪ್ಪಿತವಾದ ಸರಕು ಅಲ್ಲಿ ತಿರಸ್ಕೃತವಾಗಬಹುದು.

ಸಾವಯವ ಎಂಬ ಹೆಸರು: ಪಿಜಿಎಸ್-ಇಂಡಿಯಾ ಪ್ರಮಾಣೀಕರಣವು ದೇಶೀಯ ಮಾರಾಟಕ್ಕೆ ಮಾತ್ರ ಮಾನ್ಯ. ಸಾವಯವವೆಂದು ರಫ್ತು ಮಾಡಲು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಅಡಿಯಲ್ಲಿ ಪ್ರಮಾಣೀಕರಣ ಇರಬೇಕು. ಪಿಜಿಎಸ್ ಗುಂಪಿನ ಉತ್ಪನ್ನದ ಪುಟಕ್ಕೆ ವಿದೇಶಿ ರವಾನೆ ತಾನಾಗಿ ಸೇರಿಕೊಂಡರೆ, ಗುಂಪಿಗೆ ಅರಿವಿಲ್ಲದೆಯೇ ನಿಯಮ ಮುರಿದಂತಾಗುತ್ತದೆ.

ರಫ್ತು ನಿಷೇಧಗಳು: ಗೋಧಿಯ ರಫ್ತನ್ನು 2022ರ ಮೇ 13ರಂದು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು 2023ರ ಜುಲೈ 20ರಂದು, ಈರುಳ್ಳಿಯ ರಫ್ತನ್ನು 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಅಕ್ಕಿ ಮತ್ತು ಈರುಳ್ಳಿಯ ಮೇಲಿನ ನಿಷೇಧ 2024ರಲ್ಲಿ ತೆರವಾಯಿತು. ಇಂತಹ ಆದೇಶಗಳು ಬಹುತೇಕ ಅದೇ ದಿನದಿಂದಲೇ ಜಾರಿಗೆ ಬರುತ್ತವೆ. ನಿಮ್ಮ ಖಾತೆಯ ಸೆಟ್ಟಿಂಗ್ ಮಾತ್ರ ಹಿಂದಿನಂತೆಯೇ ಉಳಿದಿರುತ್ತದೆ.

ಅಗತ್ಯವಾದ ನೋಂದಣಿಗಳು

ವಿದೇಶಕ್ಕೆ ಮಾರಲು ನಿರ್ಧರಿಸಿದವರು ಈ ಕೆಳಗಿನವುಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

1. ಆಮದು-ರಫ್ತು ಸಂಕೇತ ಸಂಖ್ಯೆ (ಐಇಸಿ): ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂ. ಶುಲ್ಕದೊಂದಿಗೆ ಪಡೆಯಬಹುದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢೀಕರಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ.

2. ಎಫ್‌ಎಸ್‌ಎಸ್‌ಎಐ ಪರವಾನಗಿ: ದೇಶೀಯ ಮಾರಾಟಕ್ಕೆ ಪಡೆದ ಸಾಮಾನ್ಯ ನೋಂದಣಿಯು ರಫ್ತಿಗೆ ಸಾಕಾಗುತ್ತದೆಯೇ ಎಂದು ಪರಿಶೀಲಿಸಿಕೊಳ್ಳಿ.

3. ಮಂಡಳಿಗಳ ನೋಂದಣಿ: ಸಾಂಬಾರ ಪದಾರ್ಥಗಳಿಗೆ ಸಾಂಬಾರ ಮಂಡಳಿ, ಕಾಫಿಗೆ ಕಾಫಿ ಮಂಡಳಿ, ಹಣ್ಣು, ತರಕಾರಿ, ಜೇನು, ಉಪ್ಪಿನಕಾಯಿ ಮುಂತಾದವುಗಳಿಗೆ ಅಪೇಡಾ ಸಂಸ್ಥೆ.

4. ಜಿಎಸ್‌ಟಿ: ರಫ್ತು ಶೂನ್ಯ ದರದ ಪೂರೈಕೆಯಾಗಿದೆ. ತೆರಿಗೆ ಪಾವತಿಸದೆ ರಫ್ತು ಮಾಡಲು ಆರ್‌ಎಫ್‌ಡಿ-11 ನಮೂನೆಯಲ್ಲಿ ಮುಚ್ಚಳಿಕೆ ಸಲ್ಲಿಸಬೇಕು.

5. ಬ್ಯಾಂಕ್: ವಿದೇಶಿ ವಿನಿಮಯ ವ್ಯವಹಾರಕ್ಕೆ ಅಧಿಕಾರವಿರುವ ಬ್ಯಾಂಕಿನ ಮೂಲಕವೇ ಹಣ ಬರಬೇಕು.

ಸಣ್ಣ ಪ್ರಮಾಣದ ಮಾರಾಟಗಾರರಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ನೆರವಾಗುತ್ತವೆ. ಅಲ್ಲಿ ಅಂಚೆ ರಫ್ತು ಬಿಲ್ಲನ್ನು ಆನ್‌ಲೈನ್ ಮೂಲಕ ಸಲ್ಲಿಸಬಹುದು.

ನಷ್ಟದ ಲೆಕ್ಕಾಚಾರ

ಒಂದು ಉದಾಹರಣೆಯನ್ನು ಭಾವಿಸಿಕೊಳ್ಳಿ. ಸ್ವಸಹಾಯ ಸಂಘವೊಂದು ಅರ್ಧ ಕಿಲೋ ಮೆಣಸಿನ ಪುಡಿಯನ್ನು 300 ರೂ. ದರದಲ್ಲಿ ಮಾರುತ್ತದೆ. ಉತ್ಪಾದನಾ ವೆಚ್ಚ 260 ರೂ., ಲಾಭ 40 ರೂ. ವಿದೇಶಿ ಗ್ರಾಹಕರು ಸಾಗಣೆಗಾಗಿ 1,800 ರೂ. ಸೇರಿಸಿ 2,100 ರೂ. ಪಾವತಿಸುತ್ತಾರೆ. ದಾಖಲೆಯಿಲ್ಲವೆಂದು ಅಲ್ಲಿನ ಸುಂಕ ಕಚೇರಿಯು ಪೊಟ್ಟಣವನ್ನು ನಾಶಪಡಿಸಿದರೆ ಸಂಘವು ಗ್ರಾಹಕರಿಗೆ ಪೂರ್ತಿ ಹಣ ಹಿಂದಿರುಗಿಸಬೇಕಾಗಬಹುದು. ಆಗ ಸಂಘದ ಕೈಯಿಂದ ಹೋಗುವುದು 260 ಮತ್ತು 1,800, ಒಟ್ಟು 2,060 ರೂ. ಇದನ್ನು ಸರಿದೂಗಿಸಲು ಸಂಘವು ಊರಿನಲ್ಲೇ ಇನ್ನೂ 52 ಪೊಟ್ಟಣಗಳನ್ನು ಮಾರಬೇಕು.

ಆಮದು ಸುಂಕದ ನಿಯಮಗಳೂ ಬದಲಾಗುತ್ತಿರುತ್ತವೆ. ಅಮೆರಿಕವು 800 ಡಾಲರ್‌ವರೆಗಿನ ಸಣ್ಣ ಪಾರ್ಸೆಲ್‌ಗಳಿಗೆ ನೀಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಆ ಸಂದರ್ಭದಲ್ಲಿ ನಮ್ಮ ಅಂಚೆ ಇಲಾಖೆಯು ಅಮೆರಿಕಕ್ಕೆ ಹೋಗುವ ಪಾರ್ಸೆಲ್‌ಗಳ ಸ್ವೀಕಾರವನ್ನು ಕೆಲಕಾಲ ಸ್ಥಗಿತಗೊಳಿಸಬೇಕಾಯಿತು. ಸುಂಕ ಕಟ್ಟಲು ಗ್ರಾಹಕರು ನಿರಾಕರಿಸಿದರೆ ಸರಕು ಹಿಂದಿರುಗುವ ವೆಚ್ಚ ಮಾರಾಟಗಾರನ ಮೇಲೆ ಬೀಳಬಹುದು.

ಖಾತೆಯನ್ನು ಪರಿಶೀಲಿಸುವ ಕ್ರಮ

1. ಮಾರಾಟಗಾರರ ಖಾತೆಯಲ್ಲಿ ಸಾಗಣೆಯ ಸೆಟ್ಟಿಂಗ್ ತೆರೆದು, ‘ಅಂತರರಾಷ್ಟ್ರೀಯ’, ‘ಜಾಗತಿಕ’ ಅಥವಾ ‘ರಫ್ತು’ ಎಂಬ ಆಯ್ಕೆ ಚಾಲನೆಯಲ್ಲಿದೆಯೇ ಎಂದು ನೋಡಿ.

2. ಖಾತೆಯ ಮಟ್ಟದಲ್ಲಿ ಅದನ್ನು ನಿಲ್ಲಿಸಿದ ಅನಂತರ ಪ್ರತಿಯೊಂದು ಉತ್ಪನ್ನದ ಪುಟವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ. ಹಳೆಯ ಪುಟಗಳಲ್ಲಿ ಆಯ್ಕೆ ಹಾಗೆಯೇ ಉಳಿದಿರುವ ಸಾಧ್ಯತೆಯಿದೆ.

3. ಬದಲಾವಣೆ ಮಾಡಿದ ದಿನದ ತೆರೆಚಿತ್ರವನ್ನು ತೆಗೆದು ದಿನಾಂಕದೊಡನೆ ಇಟ್ಟುಕೊಳ್ಳಿ. ಮುಂದೆ ವಿವಾದ ಉಂಟಾದರೆ ಇದು ಸಾಕ್ಷ್ಯವಾಗುತ್ತದೆ.

4. ಮಾರುಕಟ್ಟೆ ಸಂಸ್ಥೆಯಿಂದ ಬರುವ ‘ನಿಯಮಗಳಲ್ಲಿ ಬದಲಾವಣೆ’ ಎಂಬ ಇ-ಮೇಲ್‌ಗಳನ್ನು ಓದದೆ ಬಿಡಬೇಡಿ. ತಾನಾಗಿ ಸೇರಿಸುವ ಸೂಚನೆ ಹೆಚ್ಚಾಗಿ ಇವುಗಳಲ್ಲಿಯೇ ಇರುತ್ತದೆ.

5. ಮೂರು ತಿಂಗಳಿಗೊಮ್ಮೆ ಈ ಪರಿಶೀಲನೆಯನ್ನು ಪುನರಾವರ್ತಿಸಿ.

ವಿದೇಶಿ ಆರ್ಡರ್ ಈಗಾಗಲೇ ಬಂದಿದ್ದರೆ ಆತುರದಿಂದ ಕಳುಹಿಸಬೇಡಿ. ದಾಖಲೆಗಳಿಲ್ಲದಿದ್ದಲ್ಲಿ ಕಾರಣವನ್ನು ತಿಳಿಸಿ ಆರ್ಡರ್ ರದ್ದುಪಡಿಸುವುದೇ ಕಡಿಮೆ ನಷ್ಟದ ದಾರಿ. ಬೀಜವನ್ನು ‘ಮಣಿ’ ಎಂದೋ, ಮಾರಿದ ಸರಕನ್ನು ‘ಉಡುಗೊರೆ’ ಎಂದೋ ಘೋಷಿಸಿ ಕಳುಹಿಸುವುದು ತಪ್ಪು ಘೋಷಣೆಯಾಗಿದ್ದು, ದಂಡನಾರ್ಹ ಅಪರಾಧವಾಗುತ್ತದೆ.

ವಿದೇಶದಿಂದ ಬೀಜ ತರಿಸುವವರಿಗೆ ಸೂಚನೆ

ಇದೇ ವ್ಯವಸ್ಥೆ ಎದುರು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ. ವಿದೇಶಿ ಮಾರಾಟಗಾರನ ಪುಟದಲ್ಲಿ ‘ಭಾರತಕ್ಕೆ ಕಳುಹಿಸಲಾಗುವುದು’ ಎಂದಿದ್ದ ಮಾತ್ರಕ್ಕೆ ಆಮದಿಗೆ ಅನುಮತಿ ದೊರೆತಂತಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತನೆ ಬೀಜ ಹಾಗೂ ಸಸಿಗಳ ಆಮದಿಗೆ ಆಮದು ಪರವಾನಗಿ ಮತ್ತು ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇರಬೇಕು. 2020ರಲ್ಲಿ ಅಮೆರಿಕ ಸೇರಿದಂತೆ ಹಲವು ದೇಶಗಳ ಮನೆಗಳಿಗೆ ಯಾರೂ ಕೇಳದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ, ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ಎಚ್ಚರಿಕೆ ನೀಡಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆಜಾನ್ ಸಂಸ್ಥೆಯು ಹೊರದೇಶಗಳಿಂದ ಅಮೆರಿಕಕ್ಕೆ ಬೀಜ ಮತ್ತು ಸಸ್ಯಗಳ ಮಾರಾಟವನ್ನು ನಿಷೇಧಿಸಿತು.

ಹೊರಗಿನ ಕೀಟವೊಂದು ಒಮ್ಮೆ ನೆಲೆಯೂರಿದರೆ ಆಗುವ ಹಾನಿಯನ್ನು ಕರ್ನಾಟಕದ ರೈತರಿಗೆ ವಿವರಿಸಬೇಕಾಗಿಲ್ಲ. 2018ರಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಕಂಡುಬಂದ ಫಾಲ್ ಸೈನಿಕ ಹುಳು, ಎರಡು ವರ್ಷಗಳೊಳಗೆ ದೇಶದ ಬಹುಭಾಗಕ್ಕೆ ಹರಡಿತು. ಪರವಾನಗಿಯಿಲ್ಲದ ಬೀಜದ ಪೊಟ್ಟಣ ಮನೆಗೆ ಬಂದಲ್ಲಿ ಬಿತ್ತಬೇಡಿ, ತಿಪ್ಪೆಗೆ ಎಸೆಯಬೇಡಿ, ನೆರೆಯವರಿಗೂ ಹಂಚಬೇಡಿ. ಲಕೋಟೆಯ ಸಹಿತ ಮುಚ್ಚಿಟ್ಟು ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಸಸ್ಯ ಕ್ವಾರಂಟೈನ್ ಕೇಂದ್ರಕ್ಕೆ ತಿಳಿಸಿ.

ವಿಸ್ತರಣಾ ಕಾರ್ಯಕರ್ತರಿಗೆ

ಆನ್‌ಲೈನ್ ಮಾರಾಟದ ತರಬೇತಿಗಳಲ್ಲಿ ಖಾತೆ ತೆರೆಯುವುದನ್ನು ಕಲಿಸುವಷ್ಟೇ ಗಮನವನ್ನು ಸಾಗಣೆಯ ಸೆಟ್ಟಿಂಗ್ ಪರಿಶೀಲನೆಗೂ ನೀಡತಕ್ಕದ್ದು. ಅನೇಕ ಸಂಘಗಳಲ್ಲಿ ಖಾತೆಯನ್ನು ಸದಸ್ಯರೊಬ್ಬರ ಮಗನೋ ಮಗಳೋ ನಿರ್ವಹಿಸುತ್ತಿದ್ದು, ಇ-ಮೇಲ್ ಸೂಚನೆಗಳು ಪದಾಧಿಕಾರಿಗಳನ್ನು ತಲುಪುವುದಿಲ್ಲ. ಖಾತೆಯ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಸಂಘದ ಹೆಸರಿನಲ್ಲಿ ಇರುವಂತೆ ನೋಡಿಕೊಳ್ಳಿ. ಪ್ರತಿ ಸಂಘದ ಉತ್ಪನ್ನಗಳನ್ನು ‘ದೇಶದೊಳಗೆ ಮಾತ್ರ’, ‘ದಾಖಲೆ ಸಿದ್ಧವಾದ ಮೇಲೆ ವಿದೇಶಕ್ಕೆ’ ಮತ್ತು ‘ವಿದೇಶಕ್ಕೆ ಕೂಡದು’ ಎಂದು ಮೂರು ಪಟ್ಟಿಗಳಾಗಿ ವಿಂಗಡಿಸಲು ನೆರವಾಗಿ. ಬೀಜ, ಸಸಿ, ತಾಜಾ ಸೊಪ್ಪು ಹಾಗೂ ಹಾಲಿನ ಉತ್ಪನ್ನಗಳನ್ನು ಆರಂಭದಲ್ಲಿ ಮೂರನೆಯ ಪಟ್ಟಿಯಲ್ಲಿಯೇ ಇರಿಸುವುದು ಕ್ಷೇಮ.

ವಿದೇಶಿ ಮಾರುಕಟ್ಟೆಯಿಂದ ರೈತರು ದೂರವಿರಬೇಕೆಂಬುದು ಈ ಲೇಖನದ ಆಶಯವಲ್ಲ. ಕೊಡಗಿನ ಕಾಫಿಗೂ ಬ್ಯಾಡಗಿಯ ಮೆಣಸಿನಕಾಯಿಗೂ ಹೊರನಾಡಿನಲ್ಲಿ ಬೇಡಿಕೆಯಿದೆ. ಅಲ್ಲಿಗೆ ಹೋಗುವ ನಿರ್ಧಾರವನ್ನು ನೀವೇ, ಉತ್ಪನ್ನವೊಂದೊಂದನ್ನೂ ನೋಡಿ, ದಾಖಲೆಗಳನ್ನು ಸಿದ್ಧಪಡಿಸಿಕೊಂಡು ಕೈಗೊಳ್ಳಬೇಕು. ಇಂದೇ ನಿಮ್ಮ ಖಾತೆಯ ಸಾಗಣೆ ಸೆಟ್ಟಿಂಗನ್ನು ತೆರೆದು ನೋಡಿ. ಹೆಚ್ಚಿನ ಮಾರ್ಗದರ್ಶನಕ್ಕಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.