ಷೇರುಪೇಟೆಯಿಂದ ಚಿತ್ರಶಾಲೆಗೆ

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಸ್ಥಿರ ವರಮಾನವನ್ನು ತೊರೆದು ಪೂರ್ಣಾವಧಿ ಚಿತ್ರಕಾರರಾದವರಲ್ಲಿ ಪಾಲ್ ಗೊಗ್ಯಾಂನ (1848–1903) ಹೆಸರು ಮೊದಲಿಗೆ ಬರುತ್ತದಾದರೂ, ಕಲೆಯ ಕರೆಗೆ ಓಗೊಟ್ಟು ಆತ ಎಲ್ಲವನ್ನೂ ಒಮ್ಮೆಲೇ ಕೊಡವಿಕೊಂಡು ಹೊರಟನೆಂಬ ಜನಪ್ರಿಯ ಚಿತ್ರಣವು ಇತಿಹಾಸಕ್ಕಿಂತ ಹೆಚ್ಚಾಗಿ, ಆತನ ಬಾಳನ್ನು ಆಧರಿಸಿ ಸಾಮರ್‌ಸೆಟ್ ಮಾಮ್ 1919ರಲ್ಲಿ ಪ್ರಕಟಿಸಿದ ಕಾದಂಬರಿಗೆ ಋಣಿಯಾಗಿದೆ. ಷೇರು ದಲ್ಲಾಳಿಯ ಕಚೇರಿಯಲ್ಲಿ, ಎಂದರೆ ಕಂಪನಿಗಳ ಪಾಲುಪತ್ರಗಳನ್ನು ಗಿರಾಕಿಗಳ ಪರವಾಗಿ ಕೊಂಡು ಮಾರುವ ವ್ಯವಹಾರದಲ್ಲಿ, 1870ರ ದಶಕದ ಆರಂಭದಿಂದ ದುಡಿದ ಆತ ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುತ್ತಿದ್ದನು. ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಬಣ್ಣದಲ್ಲಿ ಹಿಡಿಯಲೆತ್ನಿಸಿದ ಇಂಪ್ರೆಷನಿಸ್ಟ್ ಪಂಥದವರ ಪ್ರದರ್ಶನಗಳಲ್ಲಿ ನೌಕರಿಯಲ್ಲಿದ್ದಾಗಲೇ ಪಾಲ್ಗೊಂಡಿದ್ದನು. 1882ರ ಜನವರಿಯಲ್ಲಿ ಯೂನಿಯಾಂ ಜೆನೆರಾಲ್ ಬ್ಯಾಂಕು ಮುಳುಗಿ ಷೇರುಪೇಟೆಯೂ ಕುಸಿದುದರಿಂದ, ಆತ ನೌಕರಿಯನ್ನು ಬಿಟ್ಟನೋ ನೌಕರಿಯೇ ಆತನನ್ನು ಬಿಟ್ಟಿತೋ ಎಂದು ಗೆರೆ ಎಳೆದು ಹೇಳುವುದು ಕಷ್ಟ. ಐವರು ಮಕ್ಕಳ ಸಂಸಾರವು ಪತ್ನಿ ಮೆಟ್ಟೆಯ ತವರುನಾಡಾದ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಸರಿದಾಗ ಆತ ಅಲ್ಲಿ ಟಾರ್ಪಾಲಿನ್ ಮಾರಲು ಹೋಗಿ ಸೋತನು, ಮನೆಯ ಖರ್ಚಿಗೆ ಮೆಟ್ಟೆ ಫ್ರೆಂಚ್ ಪಾಠ ಹೇಳಿಕೊಡಬೇಕಾಯಿತು. ಕಲಾವಿದನ ತ್ಯಾಗವನ್ನು ಕೊಂಡಾಡುವವರು ಈಕೆಯ ದುಡಿಮೆಯನ್ನು ಅದೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಕಡಿಮೆ. ಪ್ಯಾರಿಸ್ಸಿನವನೇ ಆದ ಸುಂಕದ ಕಟ್ಟೆಯ ನೌಕರ ಆನ್ರಿ ರೂಸೋ ಮಾತ್ರ ಹೆಚ್ಚು ಎಚ್ಚರದಿಂದ, 1893ರಲ್ಲಿ ಅಲ್ಪ ಪಿಂಚಣಿಯೊಡನೆ ನಿವೃತ್ತನಾಗಿ, ಪಿಟೀಲು ಪಾಠದ ಸಂಪಾದನೆಯನ್ನೂ ಕೂಡಿಸಿಕೊಂಡು ಚಿತ್ರಕಲೆಗೆ ಇಳಿದನು.