ಕಾಡಿನ ಕ್ಯಾಮೆರಾ ಮತ್ತು ನ್ಯಾಸಧರ್ಮ

2016ರ ಫೆಬ್ರವರಿ 7ರ ಭಾನುವಾರ ಬೆಂಗಳೂರಿನ ಪೂರ್ವಭಾಗದಲ್ಲಿ, ಕೃಷ್ಣರಾಜಪುರದಿಂದ ಕೆಲವೇ ಮೈಲಿ ದೂರದ ಕುಂದಲಹಳ್ಳಿ ಸಮೀಪದ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ರಜೆಯ ದಿನವಾದ್ದರಿಂದ ಮಕ್ಕಳು ಇರಲಿಲ್ಲ. ಚಿರತೆಯ ಇರವನ್ನು ಮೊದಲು ತೋರಿಸಿಕೊಟ್ಟದ್ದು ಶಾಲೆಯ ಕಾವಲು ಕ್ಯಾಮೆರಾ. ಅದನ್ನು ಹಿಡಿಯುವ ಪ್ರಯತ್ನದಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಸೇರಿದಂತೆ ಹಲವರು ಗಾಯಗೊಂಡರು. ಅವರ ಸಂಕಟದ ಕ್ಷಣಗಳು ದೃಶ್ಯವಾಗಿ ಒಂದೆರಡು ದಿನಗಳಲ್ಲೇ ದೇಶವಿದೇಶಗಳ ಮನೆಮನೆಯನ್ನು ತಲುಪಿದವು. ಗಾಯಾಳುವಿನ ಅನುಮತಿಯನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಊರಿನಲ್ಲಿ ಮನುಷ್ಯರಿಗಾಗಿ ಇಟ್ಟ ಕ್ಯಾಮೆರಾಕ್ಕೆ ಅಂದು ಮೃಗ ಸಿಕ್ಕಿತು. ಇದಕ್ಕೆ ವಿಪರ್ಯಾಯವಾಗಿ, ಕಾಡಿನಲ್ಲಿ ಮೃಗಗಳಿಗಾಗಿ ಇಟ್ಟ ಕ್ಯಾಮೆರಾಕ್ಕೆ ಮನುಷ್ಯರು ಪ್ರತಿದಿನವೂ ಸಿಕ್ಕುತ್ತಿದ್ದಾರೆ. ಹಾಗೆ ಸಿಕ್ಕ ಚಿತ್ರ ಯಾರ ಸೊತ್ತು, ಅದನ್ನು ಕೈಯಲ್ಲಿಟ್ಟುಕೊಂಡವನ ಕರ್ತವ್ಯವೇನು ಎಂಬ ಪ್ರಶ್ನೆ ಅರಣ್ಯ ಇಲಾಖೆಗೆ ಮಾತ್ರ ಸಂಬಂಧಿಸಿದ್ದಲ್ಲ. ಶ್ರಾವಕನ ಅಣುವ್ರತಗಳಿಗೂ ಅದು ಸಂಬಂಧಿಸಿದೆ.

ಕಾಡಿಗೆ ಕ್ಯಾಮೆರಾ ಬಂದ ಬಗೆ ಅಹಿಂಸಾಪ್ರಿಯರಿಗೆ ಸಂತೋಷ ಕೊಡುವಂಥದು. ಬೇಟೆಯೇ ಪೌರುಷವೆಂದು ಎಣಿಸಿದ್ದ 1920ರ ದಶಕದಲ್ಲಿ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಅವರು ಕೋವಿಯನ್ನು ಬದಿಗಿಟ್ಟು ಕ್ಯಾಮೆರಾ ಹಿಡಿದರು. ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ತಂತಿಯನ್ನು ಕಟ್ಟಿ, ಹುಲಿಯ ಕಾಲು ತಗುಲಿದೊಡನೆ ಬೆಳಕು ಹೊಮ್ಮಿ ಚಿತ್ರ ಮೂಡುವಂತೆ ಏರ್ಪಡಿಸಿದರು. ಅವರ ಗ್ರಂಥ 1927ರಲ್ಲಿ ಹೊರಬಂದಿತು. ಕೊಲ್ಲದೆಯೂ ಹುಲಿಯನ್ನು ಅರಿಯಬಹುದು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಈ ಉಪಾಯವನ್ನು ಗಣಿತಶಾಸ್ತ್ರದ ನೆಲೆಗೆ ಏರಿಸಿದ ಕೀರ್ತಿ ಕರ್ನಾಟಕದ್ದು. ಹೆಜ್ಜೆಗುರುತುಗಳನ್ನು ನೋಡಿ ಹುಲಿಗಳನ್ನು ಎಣಿಸುವ ಪದ್ಧತಿ ಬಳಕೆಯಲ್ಲಿದ್ದ 1990ರ ದಶಕದ ಆರಂಭದಲ್ಲಿ ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಇಟ್ಟರು. ಒಂದು ಹುಲಿಯ ಪಟ್ಟೆ ಮತ್ತೊಂದಕ್ಕೆ ಇರುವುದಿಲ್ಲ. ಒಂದೇ ಹುಲಿಯ ಎಡಬಲಗಳ ಪಟ್ಟೆಗಳೂ ಬೇರೆಬೇರೆ. ಆದುದರಿಂದ ದಾರಿಯ ಎರಡು ಬದಿಗೂ ಕ್ಯಾಮೆರಾ ಇಟ್ಟು, ಮತ್ತೆ ಮತ್ತೆ ಸಿಕ್ಕ ಹುಲಿಗಳೆಷ್ಟು, ಹೊಸದಾಗಿ ಸಿಕ್ಕವೆಷ್ಟು ಎಂಬ ಲೆಕ್ಕದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದರು. 2006ರ ರಾಷ್ಟ್ರೀಯ ಹುಲಿಗಣತಿಯಿಂದ ಕ್ಯಾಮೆರಾ ದೇಶದ ಹುಲಿಕಾಡುಗಳನ್ನು ಹೊಕ್ಕಿತು. 2018ರ ಗಣತಿಗಾಗಿ 141 ಪ್ರದೇಶಗಳ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಡಲಾಯಿತು. ದೊರೆತ ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹುಲಿಯವು 76,651, ಚಿರತೆಯವು 51,777. ಇದು ಗಿನ್ನೆಸ್ ದಾಖಲೆಯೂ ಆಯಿತು.

ಆದರೆ ಕ್ಯಾಮೆರಾ ಟ್ರ್ಯಾಪ್‌ಗೆ ವಿವೇಕವಿಲ್ಲ. ಮುಂದೆ ಹಾಯುವ ಮೈಯ ಶಾಖವನ್ನೂ ಚಲನೆಯನ್ನೂ ಅದು ಗ್ರಹಿಸುತ್ತದೆ. ಮೈ ಹುಲಿಯದೋ ಮನುಷ್ಯನದೋ ಎಂದು ವಿಚಾರಿಸುವುದಿಲ್ಲ. ಜೇನು ತರಲು ಹೋದ ಜೇನುಕುರುಬ, ಶಿವರಾತ್ರಿಗೆಂದು ಕನಕಪುರದ ಕಡೆಯಿಂದ ಕಾವೇರಿ ವನ್ಯಧಾಮವನ್ನು ಹಾದು ಮಲೆಮಹದೇಶ್ವರ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಸಾಗುವ ಭಕ್ತ, ವಿಹಾರಕ್ಕೆ ಬಂದ ಪಟ್ಟಣಿಗ, ಇವರೆಲ್ಲರೂ ಅದಕ್ಕೆ ಒಂದೇ. 2018ರಲ್ಲಿ ಕ್ರಿಸ್ ಸ್ಯಾಂಡ್‌ಬ್ರೂಕ್ ಮತ್ತಿತರ ಕೇಂಬ್ರಿಡ್ಜ್ ವಿದ್ವಾಂಸರು ನಾನಾ ದೇಶಗಳ ಸಂಶೋಧಕರನ್ನು ವಿಚಾರಿಸಿದಾಗ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ತಮ್ಮ ಕ್ಯಾಮೆರಾಗಳಲ್ಲಿ ಮನುಷ್ಯರೂ ಸಿಕ್ಕಿದ್ದಾರೆಂದು ಒಪ್ಪಿಕೊಂಡರು. ಮೀನಿಗೆ ಬೀಸಿದ ಬಲೆಯಲ್ಲಿ ಬೇರೆ ಜೀವಿಗಳು ಸಿಕ್ಕಿಬೀಳುವುದಕ್ಕೆ ಅವರು ಇದನ್ನು ಹೋಲಿಸಿದರು.

ಇದರಿಂದಾಗುವ ಹಾನಿ ಎಂಥದೆಂಬುದನ್ನು ಉತ್ತರಾಖಂಡದ ಕಾರ್ಬೆಟ್ ಹುಲಿಧಾಮದ ಪ್ರಸಂಗ ತಿಳಿಸುತ್ತದೆ. ಅಲ್ಲಿ 2017ರಲ್ಲಿ ಕಾಡಿನೊಳಗೆ ದೇಹಬಾಧೆಗೆಂದು ಹೋಗಿದ್ದ ಬಡ ಮಹಿಳೆಯೊಬ್ಬಳ ಚಿತ್ರ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಮೂಡಿತು. ಅದು ಕೈಯಿಂದ ಕೈಗೆ ದಾಟಿ ಊರಿನ ಮೊಬೈಲ್ ಫೋನುಗಳಿಗೆ ಹರಡಿತು. ಊರವರು ರೊಚ್ಚಿಗೆದ್ದು ಸಿಕ್ಕ ಕ್ಯಾಮೆರಾಗಳನ್ನು ಒಡೆದುಹಾಕಿದರು. ತ್ರಿಶಾಂತ್ ಸಿಮ್ಲಾಯ್ ಎಂಬ ಸಂಶೋಧಕರು ಆ ಪ್ರದೇಶದಲ್ಲಿ 14 ತಿಂಗಳು ಇದ್ದು, 270 ಮಂದಿಯ ಮಾತನ್ನು ಕೇಳಿ, 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮತ್ತೊಂದು ಸಂಗತಿಯಿದೆ. ಸೌದೆ ಹುಲ್ಲಿಗೆ ಹೋಗುವ ಹೆಂಗಸರು ಗಟ್ಟಿಯಾಗಿ ಹಾಡುತ್ತ ಮಾತಾಡುತ್ತ ನಡೆಯುವುದು ವಾಡಿಕೆ. ಆ ಸದ್ದಿಗೆ ಆನೆ ಹುಲಿಗಳು ದೂರ ಸರಿಯುತ್ತವೆ. ಕ್ಯಾಮೆರಾದ ಅಂಜಿಕೆಯಿಂದ ಅವರು ಹಾಡುವುದನ್ನು ಕಡಿಮೆ ಮಾಡಿದರು, ಪರಿಚಯವಿಲ್ಲದ ದಾರಿಗಳನ್ನು ಹಿಡಿದರು. ಹುಲಿಯ ರಕ್ಷಣೆಗೆ ಬಂದ ಸಾಧನ ಹುಲಿಯ ಬಾಯಿಯಿಂದ ಮನುಷ್ಯನಿಗಿದ್ದ ರಕ್ಷಣೆಯನ್ನು ಕುಗ್ಗಿಸಿತು.

ಆಧುನಿಕ ನ್ಯಾಯಶಾಸ್ತ್ರ ಈ ವಿಷಯದಲ್ಲಿ ಮಾತಾಡಿದೆ. ಆ ಮಾತಿಗೆ ಕಾರಣರಾದವರು ಬೆಂಗಳೂರಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಅವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ವ್ಯಾಜ್ಯದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನೂ ಮಾಡಿತು. ಆದರೆ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅದರಲ್ಲಿ ಅವಕಾಶವಿದೆ. ಕಾನೂನಿನ ಬೇಲಿಯಲ್ಲಿ ಹೀಗೆ ಸಂದುಳಿದ ಕಡೆ ಧರ್ಮವೇ ಕಾವಲು ನಿಲ್ಲಬೇಕು.

ಧರ್ಮ ಈ ಬಗ್ಗೆ ಏನನ್ನುತ್ತದೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಿವೆ. ಅವುಗಳಲ್ಲಿ ಮೂರು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಒಬ್ಬನ ಹಾವಭಾವಗಳಿಂದ ಅವನ ಅಂತರಂಗವನ್ನು ಊಹಿಸಿ ಹೊರಗೆಡಹುವುದು ಸಾಕಾರಮಂತ್ರಭೇದ. ಇವೆರಡರಲ್ಲಿಯೂ ಹೇಳಿದ್ದು ಸುಳ್ಳಾಗಿರಬೇಕೆಂದಿಲ್ಲ. ಆದರೂ ಆಚಾರ್ಯರು ಇವನ್ನು ಸತ್ಯವ್ರತದ ದೋಷಗಳೆಂದೇ ಗಣಿಸಿದರು. ಇದ್ದದ್ದನ್ನು ಇದ್ದಂತೆ ತೋರಿದ್ದೇನೆ ಎಂಬ ಸಮರ್ಥನೆ ಶ್ರಾವಕನಿಗೆ ಸಾಲದು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರು ಈ ಮಾತನ್ನು ಗಮನಿಸಬೇಕು.

ಮೂರನೆಯದು ನ್ಯಾಸಾಪಹಾರ, ಎಂದರೆ ಒತ್ತೆಯಿಟ್ಟ ವಸ್ತುವಿನ ಅಪಹರಣ. ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವರ್ತಕನಿಗೆ ಚೆನ್ನಾಗಿ ಒಪ್ಪುವಂತೆ ವಿವರಿಸಿದ್ದಾರೆ. ಹೊನ್ನನ್ನು ನಂಬಿಕೆಯಿಂದ ಇಟ್ಟುಹೋದವನು ಅದರ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಹಾಗೇ ಆಗಲಿ ಎಂದು ಉಳಿದುದನ್ನು ನುಂಗಿಕೊಳ್ಳುವುದೇ ಈ ದೋಷ. ಇಟ್ಟವನ ಮರೆವು ಇಟ್ಟುಕೊಂಡವನಿಗೆ ಹಕ್ಕನ್ನು ತರುವುದಿಲ್ಲ. ದಂಡು ಪ್ರದೇಶದ ಹಳೆಯ ಸ್ಟುಡಿಯೋಗಳಿಗೆ ಹಿರಿಯರು ಶುಭ್ರವಸ್ತ್ರ ತೊಟ್ಟು ತಾವಾಗಿ ಹೋಗಿ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಹಣ ಕೊಟ್ಟು ಪ್ರತಿಯನ್ನು ಪಡೆಯುತ್ತಿದ್ದರು. ಕಾಡಿನಲ್ಲಿ ನಡೆದವನಿಗೆ ತನ್ನ ಚಿತ್ರ ಒತ್ತೆಯಾದದ್ದೇ ತಿಳಿಯದು. ಕೇಳಲು ಬಾರದವನ ನ್ಯಾಸವನ್ನು ಇನ್ನೂ ಹೆಚ್ಚು ಎಚ್ಚರದಿಂದ ಕಾಯಬೇಕಲ್ಲವೆ?

ಹಾಗೆಂದು ಕ್ಯಾಮೆರಾಗಳನ್ನು ಕಿತ್ತುಹಾಕಬೇಕೆಂದಲ್ಲ. ಉರುಳು ಒಡ್ಡುವವನನ್ನೂ ಕೋವಿ ಹಿಡಿದವನನ್ನೂ ಅವು ತೋರಿಸಿಕೊಡುತ್ತವೆ. ಅದರಿಂದ ಎಷ್ಟೋ ಜೀವಗಳ ರಕ್ಷಣೆಯಾಗುತ್ತದೆ. ಕಳ್ಳಬೇಟೆಗಾರನ ಚಿತ್ರವನ್ನು ಅಧಿಕಾರಿಗೆ ಒಪ್ಪಿಸುವುದು ದೋಷವಲ್ಲ. ದಾರಿಹೋಕನ ಚಿತ್ರವನ್ನು ಅದೇ ನೆಪದಲ್ಲಿ ಉಳಿಸಿಕೊಂಡು ಹಂಚುವುದು ದೋಷ. ಕ್ಯಾಮೆರಾ ಇದೆಯೆಂದು ಊರವರಿಗೂ ಪ್ರವಾಸಿಗರಿಗೂ ಮೊದಲೇ ತಿಳಿಸುವುದು, ನೀರಿನ ತಾಣ ಮತ್ತು ಶೌಚದ ಹಾದಿಗಳನ್ನು ಬಿಡುವುದು, ಚಿತ್ರಗಳನ್ನು ತೆರೆಯುವವರ ಹೆಸರನ್ನು ದಾಖಲಿಸುವುದು, ಗಣತಿಗೆ ಬೇಡದ ಮನುಷ್ಯಚಿತ್ರಗಳನ್ನು ಕೂಡಲೇ ಅಳಿಸುವುದು, ಇವು ಯಾವುವೂ ಅಸಾಧ್ಯವಲ್ಲ. ಮನುಷ್ಯರಿರುವ ಚಿತ್ರಗಳನ್ನು ತಾನಾಗಿ ಬೇರ್ಪಡಿಸುವ ತಂತ್ರಾಂಶವೂ ಈಗ ಬಳಕೆಗೆ ಬಂದಿದೆ.

ಕಾಡಿನವರಿಗೆ ಹೇಳುವ ಈ ಮಾತು ಊರಿನ ಸಂಸ್ಥೆಗಳಿಗೂ ಸಲ್ಲುತ್ತದೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ನೂರು ಮಂದಿ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕೆಂದೂ ದೃಶ್ಯಗಳನ್ನು 30 ದಿನ ಕಾದಿಡಬೇಕೆಂದೂ ವಿಧಿಸಿದೆ. ಧಾರ್ಮಿಕ ಸ್ಥಳಗಳೂ ಅದರೊಳಗೆ ಬರುತ್ತವೆ. ಶಿವಾಜಿನಗರದ ಅಂಗಡಿಯಿಂದ ಹಲಸೂರು, ಇಂದಿರಾನಗರಗಳ ಮನೆಯ ಗೇಟಿನವರೆಗೆ ಈ ಸಾಧನವಿಲ್ಲದ ಬೀದಿ ಇಂದು ಅಪರೂಪ. ಬಸದಿಯ ಪ್ರಾಂಗಣದಲ್ಲಿ ಕಣ್ಣೀರಿಡುವ ವಿಧವೆ, ಧರ್ಮಶಾಲೆಗೆ ರಾತ್ರಿ ಬಂದಿಳಿಯುವ ಕುಟುಂಬ, ಹುಂಡಿಯಲ್ಲಿ ಗುಪ್ತದಾನ ಹಾಕುವ ಶ್ರಾವಕ, ಇವರೆಲ್ಲರ ಚಿತ್ರಗಳೂ ಟ್ರಸ್ಟಿನ ಕಚೇರಿಯ ಪೆಟ್ಟಿಗೆಯಲ್ಲಿ ಒತ್ತೆಯಾಗಿ ಬಿದ್ದಿರುತ್ತವೆ. ಅದರ ಕೀಲಿ ಯಾರ ಬಳಿ ಇದೆ, ಅವಧಿ ಮುಗಿದ ಮೇಲೆ ಅಳಿಸಲಾಗುತ್ತಿದೆಯೆ ಎಂದು ಧರ್ಮದರ್ಶಿಗಳು ವಿಚಾರಿಸಬೇಕು. ದೀಪಾವಳಿಯಂದು ಹಳೆಯ ಖಾತೆಯನ್ನು ಮುಗಿಸಿ ಹೊಸ ಪುಸ್ತಕವನ್ನು ತೆರೆಯುವಾಗ, ಇತರರ ಒತ್ತೆ ಎಷ್ಟಿದೆಯೆಂದು ವರ್ತಕ ಮೊದಲು ನೋಡುತ್ತಾನೆ. ಆ ಪಟ್ಟಿಗೆ ಈ ಚಿತ್ರಗಳೂ ಸೇರಲಿ.