ದೂರದ ದುಡಿಮೆಯ ನೇಮಕಾತಿ ಕಾನೂನು: ಭಾರತದಲ್ಲಿ ಬೆಳೆದುಬಂದ ಬಗೆ

ಮಾಲೀಕನ ಕಟ್ಟಡಕ್ಕೆ ಬಾರದೆ ಮನೆಯಲ್ಲೋ, ಬೇರೆ ಊರಲ್ಲೋ, ಪರದೇಶದಲ್ಲೋ ಇದ್ದು ಕೆಲಸ ಮಾಡುವವರನ್ನು ನೇಮಿಸಿಕೊಳ್ಳಲು ಭಾರತದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಕಾರ್ಮಿಕ, ದೂರಸಂಪರ್ಕ, ಭವಿಷ್ಯನಿಧಿ ಮತ್ತು ವೀಸಾ ನಿಯಮಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಇಲ್ಲಿ ಒಂದುಗೂಡಿವೆ. ಇದನ್ನು ಕೋವಿಡ್ ತಂದ ಸಮಸ್ಯೆ ಎನ್ನುವವರು ಬಹಳ. ಆದರೆ ಕಣ್ಣೆದುರಿಗಿಲ್ಲದ ದುಡಿಮೆಗಾರರಿಗೆ ಮಾಲೀಕ ಯಾರು ಎಂಬ ಮೂಲ ಪ್ರಶ್ನೆ ಲ್ಯಾಪ್‌ಟಾಪ್ ಬರುವುದಕ್ಕೆ ಮೊದಲೇ, ಬೀಡಿ ಮತ್ತು ಹೊಲಿಗೆಯ ಮೊಕದ್ದಮೆಗಳಲ್ಲಿ ಇತ್ಯರ್ಥವಾಗಿತ್ತು.

ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟಿ, ಲೆಕ್ಕ ಹಾಕಿ ಒಪ್ಪಿಸುತ್ತಿದ್ದರು. ಅವರಿಗೆ ಹಾಜರಿ ಪುಸ್ತಕವಿಲ್ಲ, ಕೆಲಸದ ವೇಳೆಯಿಲ್ಲ, ಮೇಲ್ವಿಚಾರಕನಿಲ್ಲ. ಹೀಗಿರುವಾಗ ಅವರು ನೌಕರರೇ ಅಲ್ಲ ಎಂಬುದು ಉದ್ಯಮದ ವಾದ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮಾಲೀಕ ಅಥವಾ ಗುತ್ತಿಗೆದಾರ ಕೊಟ್ಟ ಕಚ್ಚಾವಸ್ತುವಿನಿಂದ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದು ಹೆಸರಿಸಿತು. ಅದನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು.

ಅದಕ್ಕೂ ಮೊದಲು, 1973ರಲ್ಲಿ, ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಅಂಗಡಿಯ ಬಟ್ಟೆಯನ್ನು ಮನೆಗೊಯ್ದು ಹೊಲಿಯುವುದಕ್ಕೂ ಅವಕಾಶವಿದ್ದ ದರ್ಜಿಗಳನ್ನು ಅದೇ ನ್ಯಾಯಾಲಯ ನೌಕರರೆಂದು ಒಪ್ಪಿತ್ತು. ಹೊಲಿಗೆ ಸರಿಯಿಲ್ಲವೆಂದು ಮರಳಿ ಬಿಚ್ಚಿ ಹೊಲಿಸುವ ಅಧಿಕಾರ ಅಂಗಡಿಯವನಿಗಿತ್ತಲ್ಲ, ನಿಯಂತ್ರಣಕ್ಕೆ ಅದು ಮುಖ್ಯ ಗುರುತಾಯಿತು. 1985ರ ಪಿ.ಎಂ. ಪಟೇಲ್ ಪ್ರಕರಣ ಇದೇ ತರ್ಕವನ್ನು ಮುಂದಕ್ಕೊಯ್ದು, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ (ಪಿ.ಎಫ್.) ಸಲ್ಲಬೇಕೆಂದಿತು. ಮೇಲ್ವಿಚಾರಣೆ ಎಂದರೆ ಬೆನ್ನ ಹಿಂದೆ ನಿಲ್ಲುವುದಲ್ಲ, ಮಾಡಿದ ಕೆಲಸವನ್ನು ತಿರಸ್ಕರಿಸುವ ಹಕ್ಕೂ ಮೇಲ್ವಿಚಾರಣೆಯೇ. ದೂರದ ದುಡಿಮೆಯ ಬಗ್ಗೆ ಭಾರತೀಯ ಕಾನೂನು ಕಂಡುಕೊಂಡ ಅತ್ಯಂತ ಬೆಲೆಯುಳ್ಳ ಸೂತ್ರ ಇದು.

ಕಂಪ್ಯೂಟರ್ ಕಾಲದ ಕಾನೂನಿನ ಆತಂಕ ಬೇರೆ ಬಗೆಯದು. ಕಾಲ್ ಸೆಂಟರ್ ಮತ್ತು ಬಿಪಿಒಗಳನ್ನು ದೂರಸಂಪರ್ಕ ಇಲಾಖೆ ‘ಇತರ ಸೇವಾದಾರ’ರೆಂದು ನೋಂದಾಯಿಸುತ್ತಿತ್ತು. ಅಂಥ ಕಂಪನಿ ತನ್ನವರಿಗೆ ಮನೆಯಿಂದ ಕೆಲಸ ಮಾಡಿಸಬೇಕಾದರೆ 1 ಕೋಟಿ ರೂಪಾಯಿಯ ಭದ್ರತೆ ಕೊಡಬೇಕಿತ್ತು. ಅಷ್ಟು ದೊಡ್ಡ ಷರತ್ತಿನ ಮುಂದೆ ಸಣ್ಣ ಕಂಪನಿಗಳಿಗೆ ಆ ದಾರಿಯೇ ಮುಚ್ಚಿದಂತಿತ್ತು. 2020ರ ಮಾರ್ಚ್‌ನಲ್ಲಿ ಅದು ತಾತ್ಕಾಲಿಕವಾಗಿ ಸಡಿಲಗೊಂಡಿತು; ನವೆಂಬರ್ 5ರ ಹೊಸ ಮಾರ್ಗಸೂಚಿ ನೋಂದಣಿಯನ್ನೂ ಬ್ಯಾಂಕ್ ಖಾತರಿಯನ್ನೂ ಕೈಬಿಟ್ಟಿತು. ವಿಶೇಷ ಆರ್ಥಿಕ ವಲಯಗಳಿಗೆ 2022ರ ಜುಲೈನಲ್ಲಿ ಬಂದ 43ಎ ನಿಯಮ ಮೊದಲು ಅರ್ಧದಷ್ಟು ನೌಕರರಿಗೆ, ಡಿಸೆಂಬರ್‌ನಲ್ಲಿ ಎಲ್ಲರಿಗೂ ಮನೆಯಿಂದ ದುಡಿಯಲು ಅವಕಾಶ ಕೊಟ್ಟಿತು.

‘ಮನೆಯಿಂದ ಕೆಲಸ’ ಎಂಬ ಮಾತು ಕೋವಿಡ್‌ಗೆ ಮೊದಲೇ ಕೇಂದ್ರ ಕಾಯ್ದೆಯೊಂದರೊಳಗೆ ಬಂದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯ ಪ್ರಕಾರ, ರಜೆ ಮುಗಿಸಿದ ತಾಯಿಗೆ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮಾಲೀಕ ಈ ಅವಕಾಶ ಕೊಡಬಹುದು. ‘ಕೊಡಬಹುದು’ ಅಷ್ಟೇ. ಅದು ತಾಯಿಯ ಹಕ್ಕಾಗಲಿಲ್ಲ.

ವಿದೇಶಿಯರ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅವರು ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ ಎಂಬುದು. ಭಾರತಕ್ಕೆ ಬಂದು ದುಡಿಯುವವರಿಗೆ ಉದ್ಯೋಗ ವೀಸಾ ಬೇಕು, ಅದಕ್ಕೆ ಕನಿಷ್ಠ ಸಂಬಳದ ಮಿತಿಯೂ ಇದೆ. ಬೆಂಗಳೂರಿನ ಕಂಪನಿಗಾಗಿ ಬ್ರೆಜಿಲ್‌ನ ತಮ್ಮ ಮನೆಯಲ್ಲೇ ಇದ್ದು ದುಡಿಯುವವರಿಗೆ ನಮ್ಮ ವೀಸಾ ಬೇಡ. ಸಾಮಾನ್ಯವಾಗಿ ಅವರಿಗೆ ಸಿಗುವುದು ಅವರದೇ ನೆಲದ ಕಾರ್ಮಿಕ ಕಾನೂನಿನ ರಕ್ಷಣೆ. ಬ್ರೆಜಿಲ್ 2011ರಲ್ಲೇ ದೂರದ ದುಡಿಮೆಯನ್ನೂ ಕಚೇರಿಯ ದುಡಿಮೆಯನ್ನೂ ಸಮಾನವೆಂದು ಕಾನೂನಿನಲ್ಲಿ ಬರೆದುಕೊಂಡಿದೆ.

ಭಾರತದಲ್ಲಿ ದುಡಿಯುವ ವಿದೇಶಿಯರನ್ನು 2008ರ ಅಕ್ಟೋಬರ್ 1ರಿಂದ ಪಿ.ಎಫ್. ವ್ಯಾಪ್ತಿಗೆ ತರಲಾಯಿತು. ಭಾರತೀಯರಿಗಿದ್ದ ಸಂಬಳದ ಮಿತಿ ಅವರಿಗಿರಲಿಲ್ಲ, ಪೂರ್ತಿ ವೇತನದ ಮೇಲೆ ವಂತಿಗೆ ಕಟ್ಟಬೇಕಿತ್ತು. ಈ ಭೇದ ಸಮಾನತೆಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 25ರಂದು ಆ ನಿಯಮವನ್ನು ರದ್ದುಮಾಡಿತು. ಆದರೆ ದೆಹಲಿ ಹೈಕೋರ್ಟ್ 2025ರಲ್ಲಿ ಅದೇ ನಿಯಮವನ್ನು ಎತ್ತಿಹಿಡಿಯಿತು. ಎರಡೂ ನ್ಯಾಯಾಲಯಗಳ ವ್ಯಾಪ್ತಿಯಲ್ಲಿ ಕಚೇರಿಯಿರುವ ಕಂಪನಿಗೆ ಇದು ನಿಜವಾದ ತೊಡಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿರುವುದು ಒಳ್ಳೆಯ ಹೆಜ್ಜೆ. ಆದರೆ 1966ರ ಬೀಡಿ ಕಾಯ್ದೆ ಅವುಗಳಲ್ಲಿ ಕರಗಿಹೋಗಿದೆ. ಸಾಮಾಜಿಕ ಭದ್ರತಾ ಸಂಹಿತೆ ಮನೆಯಲ್ಲಿ ದುಡಿಯುವವರಿಗೆ ವಿಶಾಲವಾದ ವ್ಯಾಖ್ಯೆ ಕೊಟ್ಟರೂ ಅವರನ್ನು ಅಸಂಘಟಿತ ಕಾರ್ಮಿಕರ ಸಾಲಿಗೆ ಸೇರಿಸುತ್ತದೆ. ಮೊಕದ್ದಮೆ ನಡೆಸಿ ಗಳಿಸಿದ ‘ನೌಕರ’ ಎಂಬ ಸ್ಥಾನ ಇದರಿಂದ ತೆಳುವಾಗಬಾರದು. ಮನೆಯಲ್ಲಿ ದುಡಿಯುವವರನ್ನು ಇತರ ಕೂಲಿಗಾರರಂತೆಯೇ ನಡೆಸಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ರೂಪಿಸಿದ 177ನೇ ಒಪ್ಪಂದವನ್ನು ಭಾರತ ಇನ್ನೂ ಅನುಮೋದಿಸಿಲ್ಲ.